ಯಾವ ಸಂಖ್ಯೆಗಳಿಂದ ಆರಿಸಿದ್ದು? – ಒಂದು ಪ್ರಶ್ನೆಯ ವಿಮರ್ಶೆ

‘ಯಾದೃಚ್ಛಿಕವಾಗಿ ಒಂದು ಸ್ವಾಭಾವಿಕ ಸಂಖ್ಯೆಯನ್ನು ಆರಿಸಿದರೆ ಅದು ಸಮಸಂಖ್ಯೆಯಾಗಿರುವ ಸಂಭವನೀಯತೆ ಎಷ್ಟು?’ ಇಂಥ ಪ್ರಶ್ನೆಯನ್ನು ನೀವು ಕಂಡಿರಬಹುದು. ಉತ್ತರ 1/2 ಎಂದು ಬರೆದರೆ ಪೂರ್ಣ ಅಂಕ. ಆದರೆ ‘ಎಷ್ಟು ಸಂಖ್ಯೆಗಳಿಂದ ಆರಿಸಬೇಕು?’ ಎಂದು ಕೇಳುವ ವಿದ್ಯಾರ್ಥಿಗೆ ಏನು ಹೇಳುತ್ತೀರಿ? ಆ ವಿದ್ಯಾರ್ಥಿಯ ಸಂದೇಹವೇ ಸರಿ, ಪ್ರಶ್ನೆ ಅಪೂರ್ಣ.

ಶಾಲೆಯಲ್ಲಿ ಕಲಿಸುವ ವ್ಯಾಖ್ಯೆಯನ್ನು ನೆನಪಿಸಿಕೊಳ್ಳಿ. ಅನುಕೂಲಕರ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಬೇಕು. ಎಲ್ಲ ಫಲಿತಗಳೂ ಸಮಾನ ಸಂಭವವುಳ್ಳವಾಗಿರಬೇಕು. ಇಲ್ಲಿ ಎರಡೂ ಸಂಖ್ಯೆಗಳು ಅನಂತ. ಅನಂತವನ್ನು ಅನಂತದಿಂದ ಭಾಗಿಸುವುದಕ್ಕೆ ಅರ್ಥವಿಲ್ಲ.

ಪ್ರತಿ ಸಂಖ್ಯೆಗೂ ಸಮಾನ ಸಂಭವನೀಯತೆ ಕೊಡಲು ಪ್ರಯತ್ನಿಸಿ. ಅದು ಕೋಟಿಯಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳೋಣ. ಆಗ ಎರಡು ಕೋಟಿ ಸಂಖ್ಯೆಗಳ ಮೊತ್ತವೇ 2 ಆಗುತ್ತದೆ. ಎಷ್ಟೇ ಚಿಕ್ಕ ಬೆಲೆ ಕೊಟ್ಟರೂ ಇದೇ ಗತಿ. ಸೊನ್ನೆ ಕೊಟ್ಟರೆ ಒಟ್ಟು ಮೊತ್ತವೂ ಸೊನ್ನೆ. ಮೊತ್ತ 1 ಆಗುವುದೇ ಇಲ್ಲ. ಆದ್ದರಿಂದ 1933ರಲ್ಲಿ ಕೊಲ್ಮೊಗೊರೊವ್ ರೂಪಿಸಿದ ಸಂಭವನೀಯತೆಯ ಮೂಲತತ್ತ್ವಗಳ ಪ್ರಕಾರ ಅಂಥ ಆಯ್ಕೆ ಅಸಾಧ್ಯ.

ಅಸಮಾನ ಸಂಭವದ ಆಯ್ಕೆ ಸಾಧ್ಯ. ಶಿರ ಬೀಳುವವರೆಗೆ ನಾಣ್ಯ ಚಿಮ್ಮಿ, ಎಷ್ಟು ಸಲ ಚಿಮ್ಮಿದಿರೆಂದು ಎಣಿಸಿ. 1 ಬರುವ ಸಂಭವನೀಯತೆ 1/2, 2 ಬರುವುದು 1/4, 3 ಬರುವುದು 1/8. ಸಮಸಂಖ್ಯೆ ಬರುವ ಸಂಭವನೀಯತೆ 1/4 + 1/16 + 1/64 + ..., ಅಂದರೆ 1/3. ಇದೂ ಯಾದೃಚ್ಛಿಕ ಆಯ್ಕೆಯೇ, ಆದರೆ ಉತ್ತರ 1/2 ಅಲ್ಲ!

ಹಾಗಾದರೆ 1/2 ಎಲ್ಲಿಂದ ಬಂತು? 1ರಿಂದ 100ರವರೆಗೆ ಆರಿಸಿದರೆ ಉತ್ತರ 50/100. 101ರವರೆಗೆ ಆದರೆ 50/101. ಮೇಲಿನ ಮಿತಿ ಹೆಚ್ಚಿದಂತೆ ಈ ಭಿನ್ನರಾಶಿ 1/2ನ್ನು ಸಮೀಪಿಸುತ್ತದೆ. ಇದನ್ನು ಸಮಸಂಖ್ಯೆಗಳ ‘ಸಾಂದ್ರತೆ’ ಎನ್ನುತ್ತಾರೆ. ಎರಡು ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿರುವ ಸಂಭವನೀಯತೆ ಸುಮಾರು 0.608 ಎಂಬ ಪ್ರಸಿದ್ಧ ಫಲಿತಾಂಶಕ್ಕೂ ಇದೇ ಅರ್ಥ.

ಆದರೆ ಸಾಂದ್ರತೆ ಎಲ್ಲ ಕಡೆಯೂ ಸಿಗುವುದಿಲ್ಲ. ಮೊದಲ ಅಂಕಿ 1 ಆಗಿರುವ ಸಂಖ್ಯೆಗಳನ್ನು ಎಣಿಸಿ ನೋಡಿ. 99ರವರೆಗೆ 11, ಅಂದರೆ 1/9. 199ರವರೆಗೆ 111, ಅಂದರೆ ಸುಮಾರು 0.558. 999ರವರೆಗೆ ಹೋದರೆ ಮತ್ತೆ 1/9. ಎಷ್ಟೇ ಮುಂದೆ ಹೋದರೂ ಬೆಲೆ ಹೀಗೆ ತೂಗಾಡುತ್ತಲೇ ಇರುತ್ತದೆ, ಒಂದೆಡೆ ನಿಲ್ಲುವುದಿಲ್ಲ.

ಶಿಕ್ಷಕರೇ, ಪ್ರಶ್ನೆಯನ್ನು ತಿದ್ದುವುದು ಸುಲಭ: ‘1ರಿಂದ 100ರವರೆಗಿನ ಸಂಖ್ಯೆಗಳಲ್ಲಿ, ಪ್ರತಿಯೊಂದಕ್ಕೂ ಸಮಾನ ಅವಕಾಶವಿರುವಂತೆ, ಒಂದನ್ನು ಆರಿಸಿದರೆ’ ಎಂದು ಬರೆದರೆ ಸಾಕು. ವಿದ್ಯಾರ್ಥಿಗಳೇ, ‘ಯಾದೃಚ್ಛಿಕ’ ಎಂಬ ಪದ ಕಂಡಲ್ಲೆಲ್ಲ ಎರಡು ವಿಷಯ ಕೇಳಿ: ಯಾವ ಗಣದಿಂದ ಆರಿಸಿದ್ದು? ಹೇಗೆ ಆರಿಸಿದ್ದು? ಇವೆರಡೂ ತಿಳಿಯದೆ ಕೊಟ್ಟ ಉತ್ತರ ಊಹೆಯಷ್ಟೇ, ಗಣಿತವಲ್ಲ.