ಬಿಸಿಲು ಬಿದ್ದ ಹಿಮವನ್ನು ನಂಬುವ ಮುನ್ನ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಎರಡು ದಿನ ಬಿಡದೆ ಹಿಮ ಸುರಿದು, ಮೂರನೆಯ ಬೆಳಗ್ಗೆ ಮೋಡ ಚದುರಿ ಬಿಸಿಲು ಬಂತೆಂದರೆ ಗೊಂಡೋಲ ಎಂಬ ಕೇಬಲ್ ಕಾರಿನ ಮುಂದೆ ಸಾಲು ಬೆಳೆಯುತ್ತದೆ. ಅದರ ಎರಡನೆಯ ಹಂತ ಅಫರ್ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಕಣ್ಣೆದುರು ಯಾರೂ ತುಳಿಯದ ಇಳಿಜಾರು. ಸ್ಕೀ ಪ್ರಿಯರು ವರ್ಷವಿಡೀ ಕಾಯುವುದು ಇಂಥದೊಂದು ದಿನಕ್ಕೆ. ಹಿಮಕುಸಿತದ ಅಪಾಯ ಮಿತಿಮೀರಿರುವುದೂ ಅದೇ ದಿನ. 2023ರ ಫೆಬ್ರವರಿ 1ರಂದು ಇದೇ ಅಫರ್ವಾಟ್‌ನಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು.

ಮೇಲೆ ಕಾಣುವ ಹೊಸ ಹಿಮ ಅರ್ಧ ಕಥೆ ಮಾತ್ರ. ಉಳಿದರ್ಧ ಅಡಿಯಲ್ಲಿದೆ. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳುವಾದ ಹಿಮಕ್ಕೆ ಕೆಳಗಿನಿಂದ ನೆಲದ ಕಾವು, ಮೇಲಿನಿಂದ ಕೊರೆಯುವ ಗಾಳಿ. ಈ ವ್ಯತ್ಯಾಸದಿಂದ ಪದರದೊಳಗೆ ನೀರಾವಿ ಮೇಲೇರುತ್ತ, ಒಂದಕ್ಕೊಂದು ಅಂಟದ ಒರಟು ಹರಳುಗಳನ್ನು ಕಟ್ಟುತ್ತದೆ. ಆಮೇಲೆ ಬಿದ್ದ ಹಿಮವನ್ನು ಗಾಳಿ ಒತ್ತಿ ಗಟ್ಟಿ ಮಾಡಿ ಅದರ ಮೇಲೆ ಹೊದಿಸುತ್ತದೆ. ರಾಗಿ ಚೆಲ್ಲಿದ ಇಳಿಜಾರಿನ ಮೇಲೆ ಹಲಗೆ ಇಟ್ಟಂತೆ. ಅದರ ಮೇಲೆ ಒಬ್ಬ ಮನುಷ್ಯನ ಭಾರ ಬಿದ್ದರೂ ಸಾಕು, ಅಡಿಯ ಪದರ ಕುಸಿದು, ಬಿರುಕು ಕ್ಷಣದಲ್ಲಿ ಹರಡಿ, ಇಡೀ ಮಗ್ಗುಲು ಜಾರುತ್ತದೆ. ಹಿಮಕುಸಿತಕ್ಕೆ ಬಲಿಯಾಗುವ ಸ್ಕೀಯರ್‌ಗಳು ಮತ್ತು ಚಾರಣಿಗರಲ್ಲಿ ಬಹುಪಾಲು ಮಂದಿಯ ಮೇಲೆ ಎರಗುವುದು ಅವರೇ ಅಥವಾ ಅವರ ತಂಡದವರೇ ಎಬ್ಬಿಸಿದ ಕುಸಿತ.

ಹಾಗೆಂದ ಮೇಲೆ ಅದನ್ನು ತಪ್ಪಿಸುವುದೂ ನಮ್ಮ ಕೈಯಲ್ಲಿದೆ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇಳಿಜಾರಿನ ಕೋನ. ಹಲಗೆಯಾಗಿ ಜಾರುವ ಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿಯ ನಡುವೆ. ಮೊಬೈಲಿನ ಕೋನಮಾಪಕದಿಂದಲೇ ಅದನ್ನು ಅಳೆಯಬಹುದು. ಹೊರಡುವ ಹಿಂದಿನ ರಾತ್ರಿ ನಕ್ಷೆಯ ಸಮೋನ್ನತಿ ರೇಖೆಗಳಲ್ಲೇ ಓದಬಹುದು. ನಿಂತಿರುವ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲೆ ಏನಿದೆ ಎಂದೂ ನೋಡಬೇಕು. ಕೆಳಗಿನ ಹೆಜ್ಜೆಯ ಒತ್ತಡಕ್ಕೆ ಮೇಲಿನ ಕಡಿದಾದ ಮಗ್ಗುಲು ಕಳಚಿಕೊಂಡು ಬರುವುದುಂಟು.

ಬೆಟ್ಟ ಮುನ್ಸೂಚನೆಯನ್ನೂ ಕೊಡುತ್ತದೆ. ಅಕ್ಕಪಕ್ಕದ ಮಗ್ಗುಲಲ್ಲಿ ಹೊಸದಾಗಿ ಕುಸಿದ ಗುರುತು, ಹೆಜ್ಜೆ ಇಟ್ಟೊಡನೆ ಕಾಲಡಿಯಲ್ಲಿ ಧುಮ್ಮೆನ್ನುವ ಸದ್ದು, ಸ್ಕೀ ತುದಿಯಿಂದ ಮುಂದಕ್ಕೆ ಓಡುವ ಬಿರುಕು, ಗಾಳಿ ಮರೆಯ ಕಡೆ ಹಿಮ ತಂದು ಪೇರಿಸಿದ ದಿಬ್ಬ, ಏಕಾಏಕಿ ಏರಿದ ಬಿಸಿ. ಇವುಗಳಲ್ಲಿ ಒಂದು ಕಂಡರೂ ಕಡಿದಾದ ದಾರಿಯನ್ನು ಬಿಡಬೇಕು.

ಬಿಡುವುದೇ ಕಷ್ಟ. ಅಮೆರಿಕದ ಹಿಮಕುಸಿತ ಸಂಶೋಧಕ ಇಯಾನ್ ಮೆಕ್ಯಾಮನ್ ನೂರಾರು ಅಪಘಾತಗಳ ವಿವರ ಜಾಲಾಡಿ, ಅನುಭವಿಗಳೂ ಎಡವುವುದೇಕೆ ಎಂದು ತೋರಿಸಿದರು: ಪರಿಚಿತ ಜಾಗವೆಂಬ ಧೈರ್ಯ, ಇಷ್ಟು ದೂರ ಬಂದೆವೆಂಬ ಹಟ, ಮುಂದಿರುವವನಿಗೆ ಗೊತ್ತಿದೆ ಎಂಬ ನಂಬಿಕೆ, ಬೇರೆಯವರಿಗಿಂತ ಮೊದಲು ಇಳಿಯುವ ಆಸೆ. ಇದೇ ದೌರ್ಬಲ್ಯ ಅಂಕಿಗಳಲ್ಲೂ ಕಾಣುತ್ತದೆ. ಹಿಮಕುಸಿತದ ಅಪಾಯವನ್ನು ಏರುವ ಐದು ಹಂತಗಳಲ್ಲಿ ಹೇಳುವ ಪದ್ಧತಿಯಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಅತಿ ಹೆಚ್ಚು ಜನ ಸಾಯುವುದು ಮೂರನೆಯ ಹಂತದಲ್ಲಿ. ನಾಲ್ಕು, ಐದು ಎಂದಾಗ ಜನ ಮನೆಯಲ್ಲಿರುತ್ತಾರೆ. ಮೂರು ಎಂದರೆ ನಡೆದೀತು ಎಂದುಕೊಳ್ಳುತ್ತಾರೆ.

ಹೂತುಹೋದವರಿಗೆ ಸಿಗುವ ಸಮಯ ತೀರಾ ಕಡಿಮೆ. ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ; ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಳಿಯುವುದಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಸುಮಾರು 25 ಅಡಿ ಹಿಮದಡಿ ಆರು ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ಪ್ರಾರ್ಥಿಸಿತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅಷ್ಟು ದಿನ ಬದುಕಿದ್ದು ತೀರಾ ಅಪರೂಪ. ಅದನ್ನು ನಂಬಿ ಯಾರೂ ಹಿಮದ ಮೇಲೆ ಕಾಲಿಡಬಾರದು. ಸಹಾಯ ಕೆಳಗಿನಿಂದ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜೊತೆಗಾರರೇ ಅಗೆದು ತೆಗೆಯಬೇಕು. ಅದಕ್ಕಾಗಿ ಪ್ರತಿಯೊಬ್ಬರ ಮೈಮೇಲೆ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಚೀಲದಲ್ಲಿ ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಮತ್ತು ಸಲಿಕೆ ಇರಬೇಕು. ಅವನ್ನು ಬಳಸುವ ಅಭ್ಯಾಸ ಊರಿನಲ್ಲೇ ಆಗಿರಬೇಕು. ಅಪಾಯದ ಮಗ್ಗುಲನ್ನು ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು.

2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಪರ್ವತಾರೋಹಣ ತರಬೇತಿಯ ತಂಡವೇ ಹಿಮಕುಸಿತಕ್ಕೆ ಸಿಕ್ಕಿತು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಇಂದು ಬೆಂಗಳೂರಿನಿಂದ ಪ್ರತಿ ಚಳಿಗಾಲ ಎಷ್ಟೋ ಯುವಜನ ಹಿಮಾಲಯದ ಹಿಮಕ್ಕೆ ಹೋಗುತ್ತಾರೆ. ಹೋಗಬೇಕು, ಆ ಬೆಳಕು, ಆ ಗಾಳಿ ಒಮ್ಮೆಯಾದರೂ ಎಲ್ಲರಿಗೂ ಸಿಗಬೇಕು. ಆದರೆ ಹಣ ಕಟ್ಟುವ ಮೊದಲು ಕರೆದೊಯ್ಯುವವರನ್ನು ಕೇಳಿ: ದಾರಿಯಲ್ಲಿ 30 ಡಿಗ್ರಿ ಮೀರಿದ ಇಳಿಜಾರು ಎಲ್ಲೆಲ್ಲಿದೆ? ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತ ಮುನ್ನೆಚ್ಚರಿಕೆಯನ್ನು ದಿನಾ ನೋಡುತ್ತೀರಾ? ಹೊಸ ಹಿಮ ಬಿದ್ದರೆ ಯಾವ ಬದಲಿ ದಾರಿ? ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ. ಇಪ್ಪತ್ತೈದು ಡಿಗ್ರಿಯ ಇಳಿಜಾರಿನಲ್ಲೂ ಹೊಸ ಹಿಮದ ಸುಖ ಪೂರ್ತಿಯಾಗಿಯೇ ಸಿಗುತ್ತದೆ.