ಮೂಡಣಕ್ಕೆ ಹೋಗಲು ಪಡುವಣದ ದಾರಿ

ಬಜ್ಪೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 305 ಕಿಲೋಮೀಟರ್. ನೆಲ ಬಿಟ್ಟ ವಿಮಾನ ನೆಲ ಮುಟ್ಟಲು ಮುಕ್ಕಾಲು ಗಂಟೆ ಸಾಕು. ವೇಳಾಪಟ್ಟಿಯಲ್ಲಿ ಮಾತ್ರ ಗಂಟೆಯ ಮೇಲೆ ತೋರಿಸುತ್ತಾರೆ. ನಿಂತಲ್ಲಿಂದ ಕದಲಿ, ಅಲ್ಲಿ ಹೋಗಿ ನಿಲ್ಲುವವರೆಗಿನದ್ದು ಅವರ ಲೆಕ್ಕ. ಪುತ್ತೂರಿನವರ ಲೆಕ್ಕ ಮನೆಯ ಗೇಟಿನಲ್ಲೇ ಶುರು.

ಬೆಂಗಳೂರು ನಮಗೆ ಮೂಡಣ. ವಿಮಾನ ಹಿಡಿಯಬೇಕಾದರೆ ಮೊದಲು ಪಡುವಣಕ್ಕೆ ಹೊರಡಬೇಕು: ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್, ಆಮೇಲೆ ಪೊಳಲಿ, ಕೈಕಂಬದ ಒಳದಾರಿ. ಒಂದೂವರೆ ಗಂಟೆ ಅಲ್ಲೇ ಹೋಯಿತು. ತಪಾಸಣೆ, ಕಾಯುವಿಕೆ ಇನ್ನೊಂದೂವರೆ. ಇಳಿದ ಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮೂವತ್ತೈದು ಕಿಲೋಮೀಟರ್, ಹೆಬ್ಬಾಳದ ದಟ್ಟಣೆ ಬೇರೆ. ಒಟ್ಟು ಐದೂವರೆ ಗಂಟೆ ಮಾರಾಯ್ರೆ! ಶಿರಾಡಿಯಲ್ಲಿ ಕಾರು ಬಿಟ್ಟರೆ ಏಳು. ರಾತ್ರಿ ಬಸ್ಸಿನಲ್ಲಿ ಇದಕ್ಕಿಂತ ಹೆಚ್ಚೇ ಆಗುತ್ತದೆ, ಆದರೆ ಅದು ನಿದ್ದೆಯ ಹೊತ್ತು; ನಾನಂತೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಹಾರುವುದೇಕೆ? ಘಟ್ಟಕ್ಕಾಗಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ರೈಲು ಹಳಿ 55 ಕಿಲೋಮೀಟರ್, 57 ಸುರಂಗ, ಐವತ್ತು ಮೀಟರಿಗೆ ಒಂದು ಮೀಟರ್ ಏರು. ರೈಲಿಗೆ ಎರಡು ಗಂಟೆಯೂ ಸಾಲದು. ಅಷ್ಟೇ ದೂರವನ್ನು ಎಟಿಆರ್ ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನ ಏಳೆಂಟು ನಿಮಿಷದಲ್ಲಿ ದಾಟುತ್ತದೆ. ದೊಡ್ಡ ಜೆಟ್‌ಗಿಂತ ಎಟಿಆರ್ ಸಿಕ್ಕರೇ ಚೆನ್ನ: ಅದು ತಗ್ಗಿನಲ್ಲಿ ಹಾರುತ್ತದೆ, ರೆಕ್ಕೆ ಕಿಟಕಿಯ ಮೇಲಿರುವುದರಿಂದ ನೋಟಕ್ಕೆ ಅಡ್ಡವಿಲ್ಲ. ಗೆರೆ ಹಾದುಹೋಗುವುದು ಬೆಳ್ತಂಗಡಿಯ ಆಸುಪಾಸು, ನಮ್ಮ ತಲೆಯ ಮೇಲಲ್ಲ. ಆದ್ದರಿಂದ ಹೋಗುವಾಗ ಬಲಗಡೆ, ಬರುವಾಗ ಎಡಗಡೆ ಕೂರಬೇಕು. ಅಕ್ಟೋಬರ್ ಕಳೆದ ತಿಳಿ ಬೆಳಗಾದರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕುಮಾರಧಾರ ಸೇರುವ ಕಡೆಯನ್ನು ಹುಡುಕಿ. ಅದರಾಚೆ ಕುಮಾರ ಪರ್ವತ.

ಮಳೆಗಾಲದಲ್ಲಿ ಈ ಮಾತು ನಡೆಯದು. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. 1951ರಲ್ಲಿ ನೆಹರೂ ಡಕೋಟಾದಲ್ಲಿ ಬಂದಿಳಿದದ್ದೂ ಅದೇ ಗುಡ್ಡಕ್ಕೆ. ಈಗಿನ 2,450 ಮೀಟರ್ ಉದ್ದದ ರನ್‌ವೇ 2006ರದ್ದು. ಜುಲೈಯ ಮಂಜಿನಲ್ಲಿ ಅದು ಕಾಣದೆ ಸುತ್ತು ಹೊಡೆದು ವಿಮಾನ ಬೆಂಗಳೂರಿಗೇ ಮರಳುವುದುಂಟು. ಹಾರಿದ್ದು ಎರಡು ಗಂಟೆ, ಕ್ರಮಿಸಿದ ದೂರ ಸೊನ್ನೆ. ಆದರೆ ಘಟ್ಟ ಕುಸಿದಾಗ ವಿಮಾನವೇ ಗತಿ: 2024ರ ಜುಲೈಯಲ್ಲಿ ಯಡಕುಮೇರಿ, ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿ ರೈಲು ನಿಂತಾಗ ವಿಮಾನದ ಟಿಕೆಟ್ ನೆನಪಾಗದವರಾರು?

ಸುಳ್ಯದವರು ಮೈಸೂರಿಗೆ ಹೊರಟರೆ ಬಜ್ಪೆಯ ಯೋಚನೆಯೇ ಬೇಡ. ಸಂಪಾಜೆ, ಮಡಿಕೇರಿ ದಾರಿ ಇದೆ. ಕಡಬದವರಿಗಂತೂ ನೆಟ್ಟಣದ ರೈಲು ನಿಲ್ದಾಣ ಮನೆಯಂಗಳ. ನನ್ನ ಆಯ್ಕೆ ಕೇಳಿದರೆ, ಹೋಗುವಾಗ ಹಗಲು ರೈಲಿನ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ, ಬರುವಾಗ ಎಟಿಆರ್. ಯಲಹಂಕದಲ್ಲಿ ಕೆಲಸವಿದ್ದು ಸಂಜೆಯೇ ಮರಳಬೇಕಾದವರು ಮಾತ್ರ ಎರಡೂ ಕಡೆ ಹಾರಲಿ.