ಅಕ್ವೇರಿಯಂ ಮೀನು ಮತ್ತು ಶ್ರಾವಕನ ಹೊಣೆ

ತುಮಕೂರು ನಗರದಲ್ಲಿಯೂ ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಿಯೂ ನಡುಮನೆಯ ಅಕ್ವೇರಿಯಂ ಈಗ ಅಪರೂಪದ ವಸ್ತುವಲ್ಲ. ಮಕ್ಕಳು ಕೇಳುತ್ತಾರೆ, ಕೊಲ್ಲುವುದಿಲ್ಲ, ಸಾಕುತ್ತೇವಷ್ಟೆ ಎಂಬ ಸಮಾಧಾನದೊಡನೆ ಹಿರಿಯರು ಒಪ್ಪುತ್ತಾರೆ. ಈ ಸಮಾಧಾನ ಎಷ್ಟು ಗಟ್ಟಿಯೆಂಬುದು ವಿಚಾರಣೀಯ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕಡೆಯದು ಅನ್ನಪಾನನಿರೋಧ. ಗಾಜಿನ ತೊಟ್ಟಿ ಬಂಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇನ್ನೂ ಕಠಿನವಾದುದು ಆಹಾರದ ಪ್ರಶ್ನೆ. ದಕ್ಷಿಣ ಅಮೆರಿಕದ ಆಸ್ಕರ್ ಸುಮಾರು ಒಂದು ಅಡಿ ಬೆಳೆಯುವ ಮೀನು. ಹುಳುಹುಪ್ಪಟೆ, ಸಣ್ಣ ಮೀನುಗಳು ಅದರ ಆಹಾರ. ಅರೋವಾನವೂ ಹಾಗೆಯೇ. ಅದಕ್ಕೆ ಜೀವಂತ ಮೀನು ಹಾಕಿದರೆ ಮನೆಯೊಳಗೇ ವಧೆ ನಡೆಯುತ್ತದೆ. ನಮ್ಮಂತೆ ಅದೂ ಸಸ್ಯಾಹಾರಿಯಾಗಲೆಂದು ಹಟ ಹಿಡಿದರೆ ಅನ್ನಪಾನನಿರೋಧವಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಕೊಳ್ಳುವ ಮೊದಲು ಮಾತ್ರ ಇದೆ. ಗಪ್ಪಿ, ಗೋಲ್ಡ್‌ಫಿಶ್‌ಗಳು ಸಸ್ಯಾಂಶವನ್ನೂ ತಿನ್ನುವಂಥವು. ಆಯ್ಕೆ ಅಂಥವಕ್ಕೆ ಸೀಮಿತವಾಗುವುದು ಲೇಸು. ಆಗಲೂ ಅಂಗಡಿಯ ಒಣ ಆಹಾರದಲ್ಲಿ ಸಾಮಾನ್ಯವಾಗಿ ಮೀನಿನ ಪುಡಿ ಇರುತ್ತದೆ. ಬಿಸ್ಕತ್ತಿನ ಪೊಟ್ಟಣವನ್ನು ತಿರುವಿ ಓದುವ ಗೃಹಸ್ಥರು ಮೀನಿನ ಆಹಾರದ ಪೊಟ್ಟಣವನ್ನು ಓದದಿರುವುದು ವಿಚಿತ್ರವೇ ಸರಿ.

ಜನ್ನನ ಯಶೋಧರ ಚರಿತೆಯಲ್ಲಿ (1209) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ಭವಾಂತರಗಳಲ್ಲಿ ಒಮ್ಮೆ ಮೀನಾಗಿ ಹುಟ್ಟುತ್ತಾನೆ. ಅಲ್ಲಿ ಕೊಲೆ ನಡೆಯದಿದ್ದರೂ ಸಂಕಲ್ಪವಿತ್ತು. ಇಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಪ್ರಮಾದವಿದೆ; ಪ್ರಮಾದವೂ ಹಿಂಸೆಯ ಕಾರಣವೆಂದೇ ಶಾಸ್ತ್ರ ಎಣಿಸುತ್ತದೆ. ಮೀನಿನ ಮಲದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕು. ತೊಟ್ಟಿ ತಂದ ದಿನವೇ ಮೀನನ್ನೂ ತಂದರೆ ಅದು ತನ್ನದೇ ವಿಷದಲ್ಲಿ ಉಸಿರಾಡಬೇಕಾಗುತ್ತದೆ. ನಲ್ಲಿಯ ನೀರಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಮೃದು ನೀರಿನಲ್ಲಿ ವಿಕಾಸಗೊಂಡ ಡಿಸ್ಕಸ್‌ನಂಥ ಮೀನಿಗೆ ಕೊಳವೆಬಾವಿಯ ಗಡಸು ನೀರು ಒಗ್ಗುವುದು ಕಷ್ಟ. ಊರಿನ ನೀರನ್ನು ತಿಳಿಯದೆ ಬಣ್ಣವನ್ನಷ್ಟೇ ನೋಡಿ ಆರಿಸುವುದು ದಯೆಯಲ್ಲ.

ಸಾಕಿ ಬೇಸರವಾದಾಗ ಕೆರೆಗೆ ಬಿಟ್ಟು ಅದನ್ನೇ ಅಭಯದಾನವೆಂದು ಭಾವಿಸುವುದು ಇನ್ನೂ ದೊಡ್ಡ ತಪ್ಪು. ಗಾಜಿನ ಪಾಚಿ ತಿನ್ನುವ ಮೀನೆಂದು ಬೆರಳುದ್ದವಿರುವಾಗ ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಅದರ ಮೈಮೇಲೆ ಗಟ್ಟಿ ಕವಚ. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ಆಂಧ್ರ, ತಮಿಳುನಾಡು, ಕೇರಳಗಳ ನೀರಿನಲ್ಲಿ ಅದು ಈಗಾಗಲೇ ಕಂಡುಬಂದಿದೆ. ಮಣ್ಣಿನ ಏರಿಯನ್ನು ನಂಬಿ ನಿಂತ ಕೆರೆಗಳ ಸೀಮೆ ಇದು. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು, ಕಾವೇರಿಯನ್ನು ಸೇರುತ್ತದೆ. ಒಂದು ಊರಿನಲ್ಲಿ ಬಿಟ್ಟ ಮೀನು ಆ ಊರಿನಲ್ಲೇ ಉಳಿಯಬೇಕೆಂದಿಲ್ಲ. ಒಂದು ಜೀವಕ್ಕೆ ಕೊಟ್ಟ ಅಭಯ ಹೊಳೆಯ ಅಸಂಖ್ಯ ಜೀವಗಳಿಗೆ ಭಯವಾದೀತು. ಬಸದಿಗಳ ಟ್ರಸ್ಟುಗಳು ತಮ್ಮ ಕೊಳಗಳಿಗೆ ಇಂಥ ಮೀನು ಬಿಡಲು ಅವಕಾಶ ಕೊಡದಿರುವುದು ಉಚಿತ. ಸಾಕಲಾರದವರು ಅದನ್ನು ಬಲ್ಲ ಸಾಕಣೆದಾರರಿಗೋ ಅಂಗಡಿಯವರಿಗೋ ಒಪ್ಪಿಸಬಹುದು.

ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಐದನೆಯ ತರಗತಿಯ ಮಗು ಕೇಳಿ ತರಿಸಿದ ಮೀನು, ಆ ಮಗು ಕಾಲೇಜಿಗೆಂದು ಊರು ಬಿಟ್ಟ ಮೇಲೂ ಮನೆಯಲ್ಲಿ ಇದ್ದೀತು. ಆಗ ನೀರು ಬದಲಿಸುವವರು ಯಾರೆಂಬುದು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ತೀರ್ಮಾನವಾಗಬೇಕು.